ನಿಯಮದ ಇಂಗ್ಲಿಷ್: ಮಾಡಬೇಕಾದ್ದು, ಮಾಡಬಾರದ್ದು

ಪೀಣ್ಯ, ಬೊಮ್ಮಸಂದ್ರ, ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್ ಕಡೆ ಹೊಸದಾಗಿ ಕೆಲಸಕ್ಕೆ ಸೇರುವ ಐಟಿಐ, ಡಿಪ್ಲೊಮಾ, ಡಿಗ್ರಿ ಹುಡುಗ ಹುಡುಗಿಯರಿಗೂ ಅವರಿಗೆ ಕೆಲಸ ಕಲಿಸುವ ಸೂಪರ್‌ವೈಸರ್‌ಗಳಿಗೂ ಈ ಸೂಚನೆ. ಇಂಟರ್‌ವ್ಯೂ ಇಂಗ್ಲಿಷಿನ ಮಾತು ಇಲ್ಲಿಲ್ಲ. ಗೋಡೆಯ ಬೋರ್ಡು, ವರ್ಕ್ ಇನ್‌ಸ್ಟ್ರಕ್ಷನ್, ಡ್ರಾಯಿಂಗ್ ಮೂಲೆಯ ಟಿಪ್ಪಣಿ, ಟೆಸ್ಟ್ ಕೇಸು, ಆಫರ್ ಲೆಟರು ಇವುಗಳಲ್ಲಿ ‘ಹೀಗಿದ್ದರೆ ಹೀಗೆ ಮಾಡು, ಇಲ್ಲದಿದ್ದರೆ ಬೇಡ’ ಎಂದು ಹೇಳುವ ಇಂಗ್ಲಿಷಿನ ಮಾತು.

ದೊಡ್ಡ ಪದಗಳ ಹಿಂದೆ ಓಡಬೇಡಿ. ದಿನಕ್ಕೆ ಹತ್ತು ಪದ ಬಾಯಿಪಾಠ ಮಾಡಿಸುವ ಆ್ಯಪ್‌ಗಳು ಉದ್ದುದ್ದ ವಿಶೇಷಣ ಕಲಿಸುತ್ತವೆ. ಅವು ಗೊತ್ತಿಲ್ಲದಿದ್ದರೆ ಯಾರ ಬೆರಳೂ ಹೋಗುವುದಿಲ್ಲ. ‘ಇಫ್’, ‘ಓನ್ಲಿ ಇಫ್’, ‘ಅನ್‌ಲೆಸ್’, ‘ಅಂಟಿಲ್’, ‘ಎಕ್ಸೆಪ್ಟ್’, ‘ಅಟ್ ಲೀಸ್ಟ್’, ‘ಅಟ್ ಮೋಸ್ಟ್’, ‘ಆಲ್’, ‘ಎನಿ’, ‘ನನ್’, ‘ಶಲ್’, ‘ಶುಡ್’, ‘ಮೇ’ – ಈ ಸಣ್ಣ ಪದಗಳನ್ನು ಮೊದಲು ಹಿಡಿಯಿರಿ.

ಬೋರ್ಡನ್ನು ಅರ್ಧಕ್ಕೆ ಓದಿ ಬಿಡಬಾರದು. ಕನ್ನಡದಲ್ಲಿ ಷರತ್ತು ಮೊದಲು ಬರುತ್ತದೆ, ಮಾಡು ಅಥವಾ ಬೇಡ ಎನ್ನುವುದು ಕೊನೆಗೆ. ಹಾಗಾಗಿ ಕೊನೆಯವರೆಗೆ ಕಾಯುವುದು ನಮಗೆ ಅಭ್ಯಾಸ. ಇಂಗ್ಲಿಷ್ ಬೋರ್ಡಿನಲ್ಲಿ ಸಾಮಾನ್ಯವಾಗಿ ಆಜ್ಞೆ ಮೊದಲೇ ಬಂದು ಷರತ್ತು ಬಾಲದಲ್ಲಿರುತ್ತದೆ. ‘ಪ್ಯಾನೆಲ್ ಮೇ ಬಿ ಓಪನ್ಡ್’ ಎನ್ನುವಷ್ಟು ಓದಿ ಸ್ಕ್ರೂಡ್ರೈವರ್ ಎತ್ತಿಕೊಂಡರೆ, ಮುಂದಿದ್ದ ‘ಓನ್ಲಿ ಇಫ್ ಮೇನ್ಸ್ ಈಸ್ ಆಫ್’ ಎಂಬುದು ಕಣ್ಣಿಗೆ ಬೀಳುವುದಿಲ್ಲ. ಪೂರ್ತಿ ಓದಿ. ಆಮೇಲೆ ಅದನ್ನು ಕನ್ನಡದ ಸಾಲಿನಲ್ಲಿ, ಷರತ್ತು ಮೊದಲಿಟ್ಟು ಬಾಯಿಬಿಟ್ಟು ಹೇಳಿಕೊಳ್ಳಿ: ಮೇನ್ಸ್ ಆಫ್ ಆಗಿದ್ದರೆ ಮಾತ್ರ ಪ್ಯಾನೆಲ್ ತೆಗೆಯಬಹುದು.

ಪದವನ್ನು ಮೆಷಿನ್ ಹತ್ತಿರವೇ ಕಲಿಯಿರಿ. ಪವರ್ ಪ್ರೆಸ್ಸಿಗೆ ಎರಡು ಬಟನ್ ಇಟ್ಟಿರುವುದು ನೋಡಿದ್ದೀರಿ. ಎಡಗೈಗೆ ಒಂದು, ಬಲಗೈಗೆ ಒಂದು, ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ ಇಳಿಯಬೇಕು. ‘ಆ್ಯಂಡ್’ ಎಂದರೆ ಅದೇ. ಎರಡೂ ಕೈ ಬಟನ್ ಮೇಲಿದ್ದಾಗ ಡೈ ಒಳಗೆ ಕೈ ಇರಲು ಸಾಧ್ಯವಿಲ್ಲ ಎಂಬ ಲೆಕ್ಕದ ಮೇಲೆ ಆ ಕಾವಲು ನಿಂತಿದೆ. ಪೀಸು ಜಾಸ್ತಿ ಬರಲಿ ಎಂದು ಒಂದು ಬಟನ್ನಿಗೆ ಟೇಪು ಸುತ್ತಿ ಒತ್ತಿಯೇ ಇಟ್ಟರೆ ಎರಡು ಷರತ್ತಿನಲ್ಲಿ ಒಂದು ಯಾವಾಗಲೂ ನಿಜವಾಗಿರುತ್ತದೆ. ಆಗ ‘ಆ್ಯಂಡ್’ ಸತ್ತಿತು. ಕೆಲಸ ಒಂದೇ ಕೈಯಲ್ಲಿ ನಡೆಯುತ್ತದೆ, ಬಿಡುವಾದ ಇನ್ನೊಂದು ಕೈ ಪೀಸು ಸರಿಪಡಿಸಲು ಡೈ ಒಳಗೆ ಹೋಗುತ್ತದೆ. ಯಾರು ಹೇಳಿದರೂ ಇದನ್ನು ಮಾಡಕೂಡದು. ಪಕ್ಕದ ಮೆಷಿನ್‌ನಲ್ಲಿ ಕಂಡರೂ ಸುಮ್ಮನಿರಕೂಡದು.

‘ಮಸ್ಟ್ ನಾಟ್’ ಮತ್ತು ‘ನೀಡ್ ನಾಟ್’ ಒಂದೇ ಎಂದುಕೊಳ್ಳಬೇಡಿ. ಮೊದಲನೆಯದು ‘ಬಾರದು’, ಎರಡನೆಯದು ‘ಬೇಕಿಲ್ಲ’. ಡ್ರಿಲ್ಲಿಂಗ್ ಮೆಷಿನ್ ಪಕ್ಕ ‘ಗ್ಲೌಸ್ ಮಸ್ಟ್ ನಾಟ್ ಬಿ ವೋರ್ನ್’ ಎಂದು ಬರೆದಿದ್ದರೆ, ಗ್ಲೌಸ್ ಬೇಕಿಲ್ಲ, ಬೇಕಾದವರು ಹಾಕಿಕೊಳ್ಳಲಿ ಎಂದು ಅರ್ಥವಲ್ಲ. ಹಾಕಿಕೊಳ್ಳಲೇಬಾರದು. ತಿರುಗುವ ಡ್ರಿಲ್ ಬಿಟ್ಟಿಗೆ ಬಟ್ಟೆಯ ತುದಿ ಸಿಕ್ಕರೆ ಅದು ಕೈಯನ್ನೇ ಒಳಗೆಳೆಯುತ್ತದೆ.

‘ನಾರ್ಮಲಿ’ ಎಂದರೆ ಸಾಮಾನ್ಯವಾಗಿ ಎಂದು ಓದಬೇಡಿ, ಕನಿಷ್ಠ ವೈರಿಂಗ್ ಡ್ರಾಯಿಂಗ್‌ನಲ್ಲಿ. ‘ನಾರ್ಮಲಿ ಕ್ಲೋಸ್ಡ್’ ಎಂದರೆ ಯಾರೂ ಒತ್ತದೆ ಇರುವಾಗ ಮುಚ್ಚಿರುವ ಕಾಂಟ್ಯಾಕ್ಟ್. ಎಮರ್ಜೆನ್ಸಿ ಸ್ಟಾಪ್ ಬಟನ್ನಿಗೆ ಅದನ್ನೇ ಹಾಕುವುದಕ್ಕೆ ಕಾರಣವಿದೆ: ಬಟನ್ ಒತ್ತಿದರೂ ಮೆಷಿನ್ ನಿಲ್ಲುತ್ತದೆ, ವೈರ್ ಕಿತ್ತುಹೋದರೂ ನಿಲ್ಲುತ್ತದೆ. ಲೈನ್ ಪದೇ ಪದೇ ನಿಲ್ಲುತ್ತಿದೆ ಎಂದು ಅದಕ್ಕೆ ಜಂಪರ್ ಹಾಕಬಾರದು. ವೈರ್ ಎಲ್ಲಿ ಹೋಗಿದೆ ನೋಡಿಸಿ.

ಸಿಎನ್‌ಸಿ ಕಡೆ ಹೋಗುವವರು ಫ್ಯಾನುಕ್ ಕಸ್ಟಮ್ ಮ್ಯಾಕ್ರೋದ ಆರು ಹೋಲಿಕೆಗಳನ್ನು ಗಟ್ಟಿ ಮಾಡಿಕೊಳ್ಳಿ: ಇಕ್ಯೂ, ಎನ್‌ಇ, ಜಿಟಿ, ಜಿಇ, ಎಲ್‌ಟಿ, ಎಲ್‌ಇ. ಸಮ, ಸಮವಲ್ಲ, ಹೆಚ್ಚು, ಹೆಚ್ಚು ಅಥವಾ ಸಮ, ಕಡಿಮೆ, ಕಡಿಮೆ ಅಥವಾ ಸಮ. ಪೀಸು ಮುಗಿದ ಮೇಲೆ ಕೌಂಟರ್ ನೋಡಿ, ಐವತ್ತಕ್ಕೆ ಟೂಲ್ ಬದಲಿಸು ಎನ್ನುವ ಕಡೆ ‘ಜಿಟಿ 50’ ಎಂದು ಬರೆದರೆ ಐವತ್ತೊಂದನೆಯದೂ ಹಳೇ ಟೂಲಿನಲ್ಲೇ ಹೋಗುತ್ತದೆ. ಬೇಕಿದ್ದದ್ದು ‘ಜಿಇ 50’. ಇದೇ ವ್ಯತ್ಯಾಸ ಆಡುವ ಇಂಗ್ಲಿಷಿನಲ್ಲೂ ಇದೆ. ‘ಮೋರ್ ದ್ಯಾನ್ 50’ ಎಂದರೆ 50 ಸೇರುವುದಿಲ್ಲ, ‘ನಾಟ್ ಲೆಸ್ ದ್ಯಾನ್ 50’ ಎಂದರೆ ಸೇರುತ್ತದೆ, ‘ಅಟ್ ಲೀಸ್ಟ್ 50’ ಕೂಡ ಅದೇ. ಪ್ರೋಗ್ರಾಮಿನಲ್ಲಿ ಎಂ00 ಬಂದರೆ ಮೆಷಿನ್ ನಿಂತೇ ನಿಲ್ಲುತ್ತದೆ. ಎಂ01 ಬಂದರೆ ಆಪ್ಷನಲ್ ಸ್ಟಾಪ್ ಸ್ವಿಚ್ ಆನ್ ಇದ್ದರೆ ಮಾತ್ರ ನಿಲ್ಲುತ್ತದೆ. ‘ಓನ್ಲಿ ಇಫ್’ ಮರೆತುಹೋದಾಗ ಆ ಸ್ವಿಚ್ ಮುಂದೆ ನಿಂತು ಎರಡು ಸಲ ಪರೀಕ್ಷೆ ಮಾಡಿ ನೋಡಿ.

‘ಇಫ್’ ಇರುವ ಮಾತನ್ನು ತಿರುಗಿಸಬೇಡಿ. ಬೆಂಕಿಯಿಲ್ಲದೆ ಹೊಗೆಯಾಡದು ಎನ್ನುತ್ತೇವೆ. ಹೊಗೆ ಇದ್ದರೆ ಬೆಂಕಿ ಇದೆ. ಬೆಂಕಿ ಇದ್ದರೆ ಹೊಗೆ ಇರಲೇಬೇಕೆಂದಿಲ್ಲ. ಇದಕ್ಕೆ ನಮ್ಮ ನ್ಯಾಯಶಾಸ್ತ್ರದವರು ಕೊಟ್ಟ ಉದಾಹರಣೆ ಕಾದ ಕಬ್ಬಿಣದ ಗುಂಡು: ಅದರಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೀಟ್ ಟ್ರೀಟ್‌ಮೆಂಟ್ ಶಾಪಿನಲ್ಲಿ ಕೆಲಸ ಮಾಡುವವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ‘ಇಫ್ ದ ರೆಡ್ ಲ್ಯಾಂಪ್ ಈಸ್ ಆನ್, ದ ಲೈನ್ ಈಸ್ ಲೈವ್’ ಎಂದಿದ್ದರೆ, ದೀಪ ಆರಿದೆ ಎಂದ ಮಾತ್ರಕ್ಕೆ ಲೈನಿನಲ್ಲಿ ಕರೆಂಟ್ ಇಲ್ಲ ಎಂದು ಆ ಬೋರ್ಡು ಹೇಳಿಲ್ಲ. ಬಲ್ಬೇ ಹೋಗಿರಬಹುದು. ಟೆಸ್ಟರ್ ಹಿಡಿದು ನೋಡದೆ ಮುಟ್ಟಬಾರದು.

ಇಲ್ಲ ಎನ್ನುವ ಪ್ರಶ್ನೆಗೆ ಬರೀ ‘ಯೆಸ್’, ಬರೀ ‘ನೋ’ ಹೇಳಬೇಡಿ. ಇದರಿಂದ ಕಾಲ್‌ಗಳಲ್ಲಿ ಆಗುವ ಗೊಂದಲ ಅಷ್ಟಿಷ್ಟಲ್ಲ. ‘ಕೂಲಂಟ್ ಆನ್ ಆಗಿಲ್ವಾ?’ ಎಂದು ಕೇಳಿದರೆ ನಾವು ‘ಹೌದು, ಆಗಿಲ್ಲ’ ಎನ್ನುತ್ತೇವೆ, ಕೇಳಿದವರ ಮಾತನ್ನು ಒಪ್ಪಿಕೊಂಡು. ಇಂಗ್ಲಿಷಿನಲ್ಲಿ ಅದೇ ಜಾಗಕ್ಕೆ ‘ನೋ, ಇಟ್ ಈಸ್ ನಾಟ್’ ಬರುತ್ತದೆ. ವೈಟ್‌ಫೀಲ್ಡಿನಲ್ಲಿ ಕೂತು ‘ಈಸ್‌ಂಟ್ ದ ಬಿಲ್ಡ್ ಡನ್?’ ಎಂಬ ಪ್ರಶ್ನೆಗೆ ‘ಯೆಸ್’ ಎಂದು ಸುಮ್ಮನಾದರೆ, ಮುಗಿದಿದೆ ಎಂದು ಆ ಕಡೆಯವರು ಮುಂದಿನ ಕೆಲಸ ಶುರು ಮಾಡುತ್ತಾರೆ. ‘ದ ಬಿಲ್ಡ್ ಈಸ್ ನಾಟ್ ಡನ್’ ಎಂದು ಪೂರ್ತಿ ವಾಕ್ಯ ಹೇಳಿ. ಪ್ರಶ್ನೆ ಕೇಳುವಾಗಲೂ ‘ಈಸ್ ಇಟ್ ಆನ್ ಆರ್ ಆಫ್?’ ಎಂದೇ ಕೇಳಿ.

‘ಆಲ್’ ಮತ್ತು ‘ನಾಟ್’ ಒಟ್ಟಿಗೆ ಬರೆಯಬೇಡಿ. ಶಿಫ್ಟ್ ಬಿಡುವಾಗ ‘ಆಲ್ ಪಾರ್ಟ್ಸ್ ಆರ್ ನಾಟ್ ಚೆಕ್ಡ್’ ಎಂದು ಲಾಗ್‌ಬುಕ್ಕಿನಲ್ಲಿ ಬರೆದು ಹೋದರೆ ಮುಂದಿನವರಿಗೆ ಒಂದೂ ನೋಡಿಲ್ಲವೋ, ಕೆಲವು ಉಳಿದಿವೆಯೋ ತಿಳಿಯದು. ‘ಎಲ್ಲಾ ಚೆಕ್ ಆಗಿಲ್ಲ’ ಎಂದು ಕನ್ನಡದಲ್ಲಿ ಬರೆದರೂ ಇದೇ ತೊಂದರೆ. ಎಷ್ಟು ನೋಡಿದ್ದೀರಿ, ಎಷ್ಟು ಉಳಿದಿದೆ, ಸಂಖ್ಯೆ ಬರೆಯಿರಿ.

‘ಬೈ ಫ್ರೈಡೇ’ ಎಂದರೆ ಶುಕ್ರವಾರದೊಳಗೆ, ‘ಅಂಟಿಲ್ ಫ್ರೈಡೇ’ ಎಂದರೆ ಶುಕ್ರವಾರದ ತನಕ. ಬೆರೆಸಬೇಡಿ.

ಸಾಫ್ಟ್‌ವೇರ್ ಕಡೆಯವರು ‘ಶುಡ್’ ಅನ್ನು ಮರ್ಯಾದೆಯ ‘ಮಸ್ಟ್’ ಎಂದು ತಿಳಿಯಬಾರದು. ಇಂಟರ್‌ನೆಟ್ಟಿನ ತಾಂತ್ರಿಕ ದಾಖಲೆಗಳಿಗಾಗಿ 1997ರ ಮಾರ್ಚ್‌ನಲ್ಲಿ ಸ್ಕಾಟ್ ಬ್ರಾಡ್ನರ್ ಬರೆದ ಆರ್‌ಎಫ್‌ಸಿ 2119 ಇದನ್ನು ಬಿಡಿಸಿಟ್ಟಿದೆ: ‘ಮಸ್ಟ್’ ಮತ್ತು ‘ಶಲ್’ ಎಂದರೆ ಮಾಡಲೇಬೇಕು, ‘ಶುಡ್’ ಎಂದರೆ ಮಾಡಬೇಕು, ಬಿಡುವುದಾದರೆ ಸರಿಯಾದ ಕಾರಣವಿರಬೇಕು, ಪರಿಣಾಮ ತೂಗಿ ನೋಡಿರಬೇಕು, ‘ಮೇ’ ಎಂದರೆ ನಿಮ್ಮಿಷ್ಟ. ಐಎಸ್‌ಒ ಮಾನದಂಡಗಳಲ್ಲೂ ‘ಶಲ್’ ಕಡ್ಡಾಯ, ‘ಶುಡ್’ ಶಿಫಾರಸು, ‘ಮೇ’ ಅನುಮತಿ. ಪೀಣ್ಯದ ಸಣ್ಣ ವರ್ಕ್‌ಶಾಪಿನ ಆಡಿಟ್‌ಗೂ ಎಲೆಕ್ಟ್ರಾನಿಕ್ ಸಿಟಿಯ ಟೆಸ್ಟಿಂಗ್ ಟೀಮಿಗೂ ಈ ಮೂರು ಪದ ಸಮಾನ. ದಾಖಲೆ ಕೈಗೆ ಬಂದ ಕೂಡಲೇ ‘ಶಲ್’ ಇರುವ ಸಾಲುಗಳಿಗೆ ಪೆನ್ಸಿಲ್ಲಿನಲ್ಲಿ ಗೆರೆ ಹಾಕಿ.

ಇನ್ನು ಸೂಪರ್‌ವೈಸರ್‌ಗಳಿಗೆ, ಮಾಲೀಕರಿಗೆ. ಇಂಗ್ಲಿಷ್ ಬೋರ್ಡು ಹೊಡೆದು ಜವಾಬ್ದಾರಿ ಮುಗಿಯಿತು ಎನ್ನಬೇಡಿ. ಕಾಯ್ದೆ ಪ್ರಕಾರ ಕಾರ್ಖಾನೆಯಲ್ಲಿ ಹಾಕುವ ಸೂಚನೆಗಳು ಇಂಗ್ಲಿಷಿನಲ್ಲೂ ಬಹುಪಾಲು ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲೂ ಇರಬೇಕು, ಮುಖ್ಯ ಬಾಗಿಲ ಹತ್ತಿರ ಕಣ್ಣಿಗೆ ಬೀಳುವಂತೆ ಹಾಕಿರಬೇಕು, ಅಳಿಸದಂತೆ ಚೊಕ್ಕಟವಾಗಿರಬೇಕು ಎಂದು 1948ರಲ್ಲೇ ಕಾರ್ಖಾನೆ ಕಾಯ್ದೆಯ 108ನೇ ಸೆಕ್ಷನ್ ಬರೆದಿಟ್ಟಿತು. ಅದರ ಆಶಯ ಎಣ್ಣೆ ಮಸಿ ಹಿಡಿದ ಒಂದು ಇಂಗ್ಲಿಷ್ ಹಾಳೆಯಿಂದ ಈಡೇರುವುದಿಲ್ಲ. ಕನ್ನಡದಲ್ಲಿ ಬರೆಸಿ. ನಿಮ್ಮ ಶಾಪಿನಲ್ಲಿ ಬಿಹಾರ, ಒಡಿಶಾದಿಂದ ಬಂದವರಿದ್ದರೆ ಅವರ ಭಾಷೆಯಲ್ಲೂ ಬರೆಸಿ. ‘ಅಂಡರ್‌ಸ್ಟುಡ್?’ ಎಂದು ಕೇಳಿ ‘ಯೆಸ್ ಸಾರ್’ ಕೇಳಿಸಿಕೊಂಡು ಹೋಗಬೇಡಿ. ಹೊಸಬರು ಹೆದರಿಕೆಗೂ ಹಾಗೆನ್ನುತ್ತಾರೆ. ನಿಯಮವನ್ನು ಅವರ ಮಾತಿನಲ್ಲಿ ಹೇಳಿಸಿ: ಯಾವಾಗ ಮಾಡಬಹುದು, ಯಾವಾಗ ಕೂಡದು, ಅನುಮಾನ ಬಂದರೆ ಯಾರನ್ನು ಕರೆಯಬೇಕು. ಮೂರಕ್ಕೂ ಸರಿಯಾದ ಉತ್ತರ ಬರುವ ತನಕ ಮೆಷಿನ್ ಒಪ್ಪಿಸಬೇಡಿ.