ಓದುವವರ ಕೈಗೆ ಪೆನ್ನು ಕೊಡಬೇಡ

ಕರ್ನಲ್ ತಂಡ ಸೇರಿದೆ ಅಂತ ಕೇಳಿ ತುಂಬ ಸಂತೋಷವಾಯಿತಮ್ಮ. ಮೊದಲ ಕೆಲಸವೇ ರೀಡರ್-ರೈಟರ್ ಲಾಕ್ ಅಂದೆಯಲ್ಲ, ಅದಕ್ಕೇ ಈ ಮಾತು. ಹೊಸ ಲಾಕ್ ಬರೆಯೋಕೆ ಕೂರುವ ಮುಂಚೆ ಒಂದನ್ನು ನೋಡು: ಬರೀ ಓದೋಕೆ ಬಂದವರ ಕೈಲಿ ನಿನ್ನ ಲಾಕ್ ಏನು ಬರೆಸುತ್ತಿದೆ?

ನಮ್ಮ ಜಯನಗರದ ಲೈಬ್ರರಿಯನ್ನೇ ತೊಗೋ. ಒಳಗೆ ಎಷ್ಟು ಜನ ಪೇಪರ್ ಓದಿದರೂ ಯಾರಿಗೂ ಯಾರೂ ಅಡ್ಡಿಯಲ್ಲ. ಆದರೆ ಬಾಗಿಲಲ್ಲಿ ಒಂದೇ ರಿಜಿಸ್ಟರು, ಒಂದೇ ಪೆನ್ನು ಇದ್ದರೆ? ಹೆಡ್‌ಲೈನ್ ಮೇಲೆ ಕಣ್ಣಾಡಿಸಿ ಹೋಗುವವರೂ ಬರುವಾಗೊಮ್ಮೆ, ಹೋಗುವಾಗೊಮ್ಮೆ ಸಹಿ ಹಾಕಬೇಕು. ಸಾಲು ಬೆಳೆಯುವುದೇ ಅಲ್ಲಿ. ಲಾಕಿನೊಳಗಿರುವ ರೀಡರ್ ಕೌಂಟರ್ ಅದೇ ರಿಜಿಸ್ಟರು. ಅದಿರುವ ಕ್ಯಾಶ್ ಲೈನ್ ಸಾಮಾನ್ಯವಾಗಿ 64 ಬೈಟ್ ಅಷ್ಟೇ. ಅದನ್ನು ಪ್ರತಿಯೊಂದು ಕೋರೂ ತನ್ನ ಕಡೆ ಎಳೆದುಕೊಂಡೇ ಎಣಿಕೆ ತಿದ್ದಬೇಕು. ಓದು ಚಿಕ್ಕದಾದಷ್ಟೂ ಸಹಿಯದೇ ಖರ್ಚು. ಓದುವ ಭಾಗ ಉದ್ದವಿಲ್ಲದಿದ್ದರೆ ಸಾದಾ ಸ್ಪಿನ್‌ಲಾಕೇ ವಾಸಿ ಅಂತ ಲಿನಕ್ಸ್ ಕರ್ನಲ್ಲಿನ ದಾಖಲೆಯೇ ಹೇಳುತ್ತದೆ. ಇದನ್ನು ಓದದೆ ಲಾಕ್ ಬದಲಿಸಲು ಹೊರಡುವವರೇ ಹೆಚ್ಚು.

ನಮ್ಮೂರಲ್ಲೇ ಕೂತು, ಓದುವವರಿಂದ ಸಹಿಯೇ ಹಾಕಿಸದ ಆರ್‌ಸಿಯು (ರೀಡ್-ಕಾಪಿ-ಅಪ್‌ಡೇಟ್) ಅನ್ನುವ ಉಪಾಯದ ಮೇಲೆ ಕೆಲಸ ಮಾಡಿದವರಿದ್ದಾರೆ, ಅವರದ್ದನ್ನು ಓದು. ಆರ್‌ಸಿಯು ಲಿನಕ್ಸಿಗೆ ಬಂದದ್ದು 2002ರಲ್ಲಿ. ಆಗ ಐಬಿಎಂನ ಬೆಂಗಳೂರು ಲಿನಕ್ಸ್ ತಂಡದಲ್ಲಿದ್ದ ದೀಪಂಕರ್ ಸರ್ಮಾ, ಮನೀಶ್ ಸೋನಿ ಅಮೆರಿಕದ ಪಾಲ್ ಮೆಕೆನ್ನಿ ಜೊತೆ ಸೇರಿ, ಫೈಲ್ ಹೆಸರು ಹುಡುಕುವ ಡಿಕ್ಯಾಶಿಗೆ ಅದನ್ನು ಅಳವಡಿಸಿದರು. ಅಲ್ಲಿಯವರೆಗೆ ಹುಡುಕುವವರೆಲ್ಲ ಒಂದೇ ದೊಡ್ಡ ಲಾಕಿಗೆ ಮುಗಿಬೀಳಬೇಕಿತ್ತು. ಆರ್‌ಸಿಯುನಲ್ಲಿ ರಿಜಿಸ್ಟರೇ ಇಲ್ಲ. ಹೊಸ ಪೇಪರ್ ಬಂದರೆ ಸ್ಟ್ಯಾಂಡಿಗೆ ಹಾಕುತ್ತಾರೆ. ಹಳೆಯದನ್ನು ಹಿಡಿದವರು ನೆಮ್ಮದಿಯಾಗಿ ಓದಿ ಮುಗಿಸುತ್ತಾರೆ. ಆ ಹೊತ್ತಿಗೆ ಕೂತಿದ್ದವರೆಲ್ಲ ಎದ್ದ ಮೇಲೆಯೇ ಹಳೇ ಪೇಪರ್ ರದ್ದಿಗೆ. ಕಾಯುವ ಕಷ್ಟವೆಲ್ಲ ಬದಲಿಸುವವರದ್ದು. ನನ್ನ ಕಣ್ಣಿಗೆ ಇಷ್ಟು ಚೆಂದದ ಉಪಾಯ ಕರ್ನಲ್ಲಿನಲ್ಲಿ ಮತ್ತೊಂದಿಲ್ಲ.

ಹಾಗಂತ ಎಲ್ಲ ಕಡೆಯೂ ಅದು ಒಗ್ಗುವುದಿಲ್ಲ. ಕ್ಷಣಮಾತ್ರವೂ ಹಳೇ ಬೆಲೆ ಕಾಣಕೂಡದು ಅನ್ನುವ ಕಡೆ ಆರ್‌ಸಿಯು ಒಂದೇ ಸಾಲದು. ಬದಲಾವಣೆ ಅಪರೂಪವಾದರೆ ಕೋರಿಗೊಂದು ಕೌಂಟರ್ ಇಡುವ ಪರ್-ಸಿಪಿಯು ಸೆಮಫೋರ್ ಇದೆ, 2012ರಿಂದ. ಓದುವವರಿಗೆ ಹಗುರ, ಬರೆಯುವವರಿಗೆ ಬಲು ಭಾರ. ಇನ್ನು ಓದುವವರು ಬರುತ್ತಲೇ ಇದ್ದು ಬರೆಯುವವರಿಗೆ ಸರದಿಯೇ ಸಿಗದಿದ್ದರೆ, 2014ರಲ್ಲಿ ಬಂದ ಕ್ಯೂ ಆಧಾರಿತ ಆರ್‌ಡಬ್ಲ್ಯುಲಾಕಿನ ಕೋಡ್ ಬಿಡಿಸಿ ನೋಡು. ಚಿಕ್ಕ ಫೈಲು, ಒಂದು ಸಂಜೆಗೆ ಮುಗಿಯುತ್ತದೆ.

ನಿನ್ನ ಲಾಕ್ ಇದರಲ್ಲಿ ಯಾವ ಬಗೆಯದ್ದು ಅಂತ ಊಹೆಯ ಮೇಲೆ ಹೇಳಬೇಡ. ಪರ್ಫ್ ಸಿ2ಸಿ ಓಡಿಸು, ಯಾವ ಕ್ಯಾಶ್ ಲೈನ್ ಕೋರಿನಿಂದ ಕೋರಿಗೆ ಅಲೆಯುತ್ತಿದೆ ಅಂತ ತೋರಿಸುತ್ತದೆ. ಒಂದು ಓದು ಎಷ್ಟು ಹೊತ್ತು ಹಿಡಿಯುತ್ತದೆ, ಸಾವಿರ ಓದಿಗೆ ಎಷ್ಟು ಬರಹ, ಅದನ್ನೂ ಅಳೆದುಕೋ. ಭಾನುವಾರ ಆ ಅಂಕಿಗಳನ್ನು ತೊಗೊಂಡು ಮನೆಗೆ ಬಾ, ಕೂತು ನೋಡೋಣ.