ನಿದ್ರೆಯ ಮಾತ್ರೆ: ಮಿತಿ ಮತ್ತು ಹೊಣೆ

ನಿದ್ರೆಯು ಅಲ್ಲಾಹನ ದೊಡ್ಡ ಅನುಗ್ರಹ. ಅದನ್ನು ಮನುಷ್ಯನಿಗೆ ವಿಶ್ರಾಂತಿಯಾಗಿ ಮಾಡಲಾಗಿದೆಯೆಂದು ಪವಿತ್ರ ಕುರ್‌ಆನಿನ ಅನ್ನಬಅ್ ಅಧ್ಯಾಯವು ನೆನಪಿಸುತ್ತದೆ. ಈ ಅನುಗ್ರಹದ ಬೆಲೆ ತಿಳಿಯುವುದು ಅದು ತಪ್ಪಿದ ರಾತ್ರಿಗಳಲ್ಲಿ.

ನನಗೆ ಪರಿಚಿತರಾದ ಹಿರಿಯರೊಬ್ಬರು ಪತ್ನಿಯನ್ನು ಕಳಕೊಂಡಾಗ ವೈದ್ಯರು ಎರಡು ವಾರಕ್ಕೆಂದು ನಿದ್ರೆಯ ಮಾತ್ರೆ ಬರೆದುಕೊಟ್ಟರು. ಅದೇ ಹಳೆಯ ಚೀಟಿಯಲ್ಲಿ ಆರು ವರ್ಷ ಕಳೆಯಿತು. ಒಂದು ಮಾತ್ರೆ ಎರಡಾಯಿತು. ಒಂದು ದಿನ ಫಜ್ರ್ ನಮಾಝಿಗೆ ಎದ್ದು ವುಝೂ ಮಾಡಲು ಹೋದವರು ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಮನೆಯವರು ಬಚ್ಚಲಿನ ನೀರನ್ನು ದೂರಿದರು. ಮಾತ್ರೆಯ ಬಗ್ಗೆ ಯಾರೂ ಯೋಚಿಸಲಿಲ್ಲ.

ಆಲ್ಪ್ರಝೋಲಾಮ್, ಡಯಾಝೆಪಾಮ್, ಝೋಲ್ಪಿಡೆಮ್ ಮುಂತಾದ ಮಾತ್ರೆಗಳು ಮೆದುಳಿನ ಚಟುವಟಿಕೆಯನ್ನು ತಗ್ಗಿಸಿ ನಿದ್ರೆ ಬರಿಸುತ್ತವೆ. ಕೆಲವೇ ವಾರಗಳಲ್ಲಿ ದೇಹವು ಅವುಗಳಿಗೆ ಒಗ್ಗಿಬಿಡಬಹುದು. ಆಗ ಮೊದಲಿನ ಪ್ರಮಾಣ ಸಾಲದಾಗುತ್ತದೆ. ಬೆಳಿಗ್ಗೆಯೂ ಮಂಪರು ಉಳಿಯಬಹುದು. ವೃದ್ಧರಲ್ಲಿ ಮರೆವು ಮತ್ತು ಬೀಳುವ ಅಪಾಯ ಹೆಚ್ಚು. ನಮ್ಮ ದೇಶದಲ್ಲಿ 2014ರಿಂದ ಇಂತಹ ಮಾತ್ರೆ ಮಾರುವ ಅಂಗಡಿಯವರು ವೈದ್ಯರ ಮತ್ತು ರೋಗಿಯ ಹೆಸರನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾದಿಡಬೇಕು. ಪರಿಚಯದ ಬಲದಿಂದ ಚೀಟಿಯಿಲ್ಲದೆ ತರುವುದು ಜಾಣತನವಲ್ಲ.

ಹಾಗಾದರೆ ಈ ಮಾತ್ರೆ ಸೇವಿಸುವುದು ನಿಷಿದ್ಧವೇ? ತವಕ್ಕುಲಿನ ಕೊರತೆಯೇ? ಅಲ್ಲ. ಚಿಕಿತ್ಸೆ ಪಡೆಯಿರೆಂದು ಪ್ರವಾದಿವರ್ಯರೇ(ಸ) ಕಲಿಸಿದ್ದಾರೆ. ಅಗತ್ಯವಿರುವಾಗ ವೈದ್ಯರು ಹೇಳಿದಷ್ಟು, ಹೇಳಿದಷ್ಟು ದಿನ ಸೇವಿಸುವುದು ಔಷಧ. ಅಗತ್ಯ ತೀರಿದ ಮೇಲೂ ಮಂಪರಿಗಾಗಿ ನುಂಗುವುದು, ಒಬ್ಬರ ಮಾತ್ರೆಯನ್ನು ಇನ್ನೊಬ್ಬರಿಗೆ ಕೊಡುವುದು ದೇಹವೆಂಬ ಅಮಾನತ್ತಿಗೆ ಬಗೆಯುವ ದ್ರೋಹ.

ಇದನ್ನು ಓದಿ ಇಂದೇ ಮಾತ್ರೆಯನ್ನು ಎಸೆಯಬೇಡಿರಿ. ಬಹುಕಾಲ ಸೇವಿಸಿದವರು ಒಮ್ಮೆಲೇ ನಿಲ್ಲಿಸಿದರೆ ನಿದ್ರೆ ಇನ್ನಷ್ಟು ಕೆಡುತ್ತದೆ; ನಡುಕ, ಕೆಲವೊಮ್ಮೆ ಅಪಸ್ಮಾರವೂ ಬರಬಹುದು. ವೈದ್ಯರ ಸಲಹೆಯಂತೆ ಸ್ವಲ್ಪ ಸ್ವಲ್ಪವಾಗಿಯೇ ಇಳಿಸಬೇಕು.

ಜೊತೆಗೆ ನಿದ್ರೆ ಕೆಡಲು ಕಾರಣವನ್ನೂ ಹುಡುಕಬೇಕು. ಸಂಜೆಯ ಚಹಾ, ಹಗಲಿನ ದೀರ್ಘ ನಿದ್ರೆ, ಹಾಸಿಗೆಯಲ್ಲಿ ಮೊಬೈಲ್, ಗೊರಕೆಯ ನಡುವೆ ಉಸಿರುಗಟ್ಟುವುದು, ಹೇಳಿಕೊಳ್ಳಲಾಗದ ದುಃಖ: ಇವೆಲ್ಲಕ್ಕೂ ಒಂದೇ ಮಾತ್ರೆ ಉತ್ತರವಾಗಲಾರದು. ಇಶಾದ ನಂತರದ ಅನಗತ್ಯ ಹರಟೆಯನ್ನು ಪ್ರವಾದಿವರ್ಯರು(ಸ) ಇಷ್ಟಪಡುತ್ತಿರಲಿಲ್ಲ. ಪ್ರತಿದಿನ ನಿಗದಿತ ವೇಳೆಗೆ ಏಳಬೇಕೆಂದು ಇಂದಿನ ವೈದ್ಯರು ಹೇಳುತ್ತಾರೆ. ದೀರ್ಘಕಾಲದ ನಿದ್ರಾಹೀನತೆಗೆ ಮೊದಲು ಕೊಡಬೇಕಾದದ್ದು ಮಾತ್ರೆಯಲ್ಲ, ಅಭ್ಯಾಸ ಮತ್ತು ಆಲೋಚನೆಗಳನ್ನು ತಿದ್ದುವ ಚಿಕಿತ್ಸೆ ಎಂದು ಅಮೆರಿಕದ ವೈದ್ಯರ ಸಂಘವೊಂದು 2016ರಲ್ಲಿ ಸಲಹೆ ನೀಡಿದೆ.

ಆ ಹಿರಿಯರು ನನ್ನೊಡನೆ ಹೇಳಿದ್ದಿಷ್ಟು: "ಉಸ್ತಾದರೇ, ಆರು ವರ್ಷದಲ್ಲಿ ಮಾತ್ರೆ ಮುಗಿಯಿತೇ ಎಂದು ಮಕ್ಕಳು ಕೇಳಿದರು. ನಿದ್ರೆ ಏಕೆ ಬರುವುದಿಲ್ಲ ಎಂದು ಕೇಳಲಿಲ್ಲ."

ಸಹೋದರ ಸಹೋದರಿಯರೇ, ಇಂದು ಮಗ್ರಿಬ್‌ನ ಬಳಿಕ ನಿಮ್ಮ ತಂದೆ ತಾಯಿಯ ಬಳಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿರಿ. ಯಾವ ಮಾತ್ರೆ, ಎಂದಿನಿಂದ, ಏಕೆ ಎಂದು ಮೆಲ್ಲಗೆ ಕೇಳಿರಿ. ಅವರನ್ನು ನೀವೇ ವೈದ್ಯರ ಬಳಿಗೆ ಕರೆದೊಯ್ಯಿರಿ. ಅಲ್ಲಾಹನು ನಮ್ಮೆಲ್ಲರಿಗೂ ನೆಮ್ಮದಿಯ ನಿದ್ರೆಯನ್ನೂ ಎಚ್ಚರದ ಬದುಕನ್ನೂ ಕರುಣಿಸಲಿ, ಆಮೀನ್.