ತರಗೆಲೆಯಡಿಯ ಎಂಟುಕಾಲಿಗಳು: ಸಂಗ್ರಹಿಸುವುದು ಹೇಗೆ?

ಹುಸಿಚೇಳು, ಸ್ಕಿಝೋಮಿಡ್, ಒಪಿಲಿಯನ್ ಇವೆಲ್ಲ ಜೇಡ-ಚೇಳುಗಳ ಬಳಗ. ತರಗೆಲೆಯಡಿ ಬದುಕುವ ಹೆಚ್ಚಿನವು ಅಕ್ಕಿಕಾಳಿಗಿಂತ ಚಿಕ್ಕವು. ರೆಕ್ಕೆಯಿಲ್ಲ, ಹಲವು ತೇವ ಬಿಟ್ಟು ಕದಲುವುದೂ ಇಲ್ಲ. ಹಾಗಾಗಿ ನೆಲದ ಚರಿತ್ರೆ ಅವುಗಳ ವಂಶದಲ್ಲಿ ಉಳಿದಿರುತ್ತದೆ. ಒಪಿಲಿಯನ್‌ಗಳ ಪೆಟ್ಟಾಲಿಡೇ ಕುಟುಂಬ ಇಂದು ಶ್ರೀಲಂಕಾ, ಮಡಗಾಸ್ಕರ್, ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಚಿಲಿಗಳಲ್ಲಿದೆ. ಈ ನೆಲಗಳೆಲ್ಲ ಒಂದಾಗಿದ್ದ ಪ್ರಾಚೀನ ಗೊಂಡ್ವಾನ ಖಂಡ ಒಡೆದಾಗ ಅವು ತಾವಿದ್ದ ನೆಲದೊಡನೆಯೇ ದೂರವಾದವು.

ಇಂಥ ಹುಡುಕಾಟವೆಂದರೆ ಆಗುಂಬೆ, ಕುದುರೆಮುಖವೇ ನೆನಪಾಗುತ್ತವೆ. ಆದರೆ ಹಿರೇಕೆರೂರು, ಹಾನಗಲ್ಲಿನ ಅರೆಮಲೆನಾಡನ್ನು ಬಿಡಬಾರದು. ತೇವ ಬೇಡುವ ಜೀವಿ ಪೂರ್ವಕ್ಕೆ ಎಲ್ಲಿಯವರೆಗೆ ಬಂದು ನಿಂತಿದೆ ಎಂಬುದು ಈ ಅಂಚಿನಲ್ಲೇ ತಿಳಿಯಬೇಕು.

ಮೊದಲು ಅರಣ್ಯ ಇಲಾಖೆಯ ಲಿಖಿತ ಅನುಮತಿ. ಮುಂಗಾರು ನೆಲ ನೆನೆಸಿದ ಮೇಲೆ, ಜುಲೈನಿಂದ ಅಕ್ಟೋಬರ್‌ವರೆಗೆ ಹೊರಡಿ. ಪಕ್ಕದ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆಯನ್ನು ಹರಡುವ ಮರಿ ಉಣುಗುಗಳು ಒಣಗಾಲದ ತರಗೆಲೆಯಲ್ಲೇ ಹೆಚ್ಚು. ಮಳೆಗಾಲದಲ್ಲೂ ಉದ್ದ ತೋಳು, ಬೂಟು, ಕೈಗವಸು ಬೇಕು; ಹಾವು-ಚೇಳಿರಬಹುದು, ಮೊದಲು ಕೋಲಿನಿಂದ ಕೆದಕಿ.

ಹಿರೇಕೆರೂರು ಕಡೆಯ ಮದಗ ಮಾಸೂರು ಕೆರೆಯ ಸುತ್ತಿನ ಗುಡ್ಡಗಳಲ್ಲಿ ಹಳ್ಳದ ಬದಿ, ಬಿದಿರುಮೆಳೆಯ ಬುಡ ನೋಡಿ. ಮೇಲಿನ ಒಣ ಎಲೆ ಸರಿಸಿ, ಮಣ್ಣಿಗೆ ಅಂಟಿದ ಕೊಳೆತ ಪದರವನ್ನು ಒಂದು ಸೆಂಟಿಮೀಟರ್ ಕಣ್ಣಿನ ಜರಡಿಗೆ ಹಾಕಿ ಬಿಳಿ ಬಟ್ಟೆಯ ಮೇಲೆ ಆಡಿಸಿ. ಇನ್ನು ಕಾಯಬೇಕು. ಸ್ಕಿಝೋಮಿಡ್ ತಟ್ಟನೆ ಹಿಂದಕ್ಕೆ ನೆಗೆದು ಸುಳಿವು ಕೊಡುತ್ತದೆ. ಕೆಲವು ಒಪಿಲಿಯನ್‌ಗಳು ಸತ್ತಂತೆ ಬಿದ್ದು ಮಣ್ಣಿನ ಕಣದಂತೆಯೇ ಕಾಣುತ್ತವೆ. ಏನೂ ಇಲ್ಲವೆಂದು ಬಟ್ಟೆ ಕೊಡವುವವರ ಕೈತಪ್ಪುವುದು ಇವೇ. ಕದಲಿದ್ದನ್ನು ಸ್ಪಿರಿಟ್‌ನಲ್ಲಿ ಅದ್ದಿದ ಸಣ್ಣ ಕುಂಚದ ತುದಿಯಿಂದ ಎತ್ತಿಕೊಳ್ಳಿ.

ಉಳಿದ ಪುಡಿಯನ್ನು ಬಲೆಚೀಲಕ್ಕೆ ತುಂಬಿ ವಿಂಕ್ಲರ್ ಬಟ್ಟೆಚೀಲದೊಳಗೆ ಎರಡು-ಮೂರು ದಿನ ತೂಗುಹಾಕಿ. ಒಣಗಿದಂತೆ ಜೀವಿಗಳು ಕೆಳಗಿಳಿದು ಚೀಲದ ತಳಕ್ಕೆ ಕಟ್ಟಿದ ಬಟ್ಟಲಿಗೆ ಬೀಳುತ್ತವೆ, ಕರೆಂಟ್ ಬೇಡ.

ಡಿಎನ್‌ಎಗೆ ಶೇಕಡಾ 95ರ ಎಥನಾಲ್, ಆಕಾರ ಅಧ್ಯಯನಕ್ಕೆ 70-80. ಫಾರ್ಮಾಲಿನ್ ಮುಟ್ಟಬೇಡಿ, ಡಿಎನ್‌ಎ ಕೆಡುತ್ತದೆ. ಮರುದಿನ ಎಥನಾಲ್ ಬದಲಿಸಿ ತಣ್ಣಗಿಡಿ. ಊರು, ಜಿಪಿಎಸ್, ಎತ್ತರ, ದಿನಾಂಕ, ಸಂಗ್ರಹಿಸಿದವರ ಹೆಸರನ್ನು ಪೆನ್ಸಿಲ್‌ನಲ್ಲಿ ಬರೆದ ಚೀಟಿ ಸೀಸೆಯ ಒಳಗೇ ಇರಲಿ. ಚೀಟಿಯಿಲ್ಲದ ಮಾದರಿಯಿಂದ ಭೂಗೋಳದ ಪ್ರಶ್ನೆಗೆ ಉತ್ತರ ಸಿಗದು.

ಕೆಲಸ ಮುಗಿದ ಮೇಲೆ ಮಾದರಿಗಳನ್ನು ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದಂಥ ಭಂಡಾರಕ್ಕೆ ಒಪ್ಪಿಸಿ. ವಿದೇಶಿ ತಜ್ಞರಿಗೆ ಕಳಿಸುವ ಮುನ್ನ 2002ರ ಜೀವವೈವಿಧ್ಯ ಕಾಯ್ದೆಯ ನಿಯಮಗಳನ್ನು ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದಲ್ಲಿ ವಿಚಾರಿಸಿ.